ಒಂದೂವರೆ ಹೆಜ್ಜೆ

ಸಬೀನ ಸುಮ್ಮನೆ ಕೂತಿದ್ದನ್ನು ನಮ್ಮೂರಲ್ಲಿ ಕಂಡವರಿಲ್ಲ. ಚರ್ಚಿನಲ್ಲಿ ಪಾದ್ರಿ ಲ್ಯಾಟಿನ್‌ನಲ್ಲಿ ಗೊಣಗುತ್ತಿದ್ದರೂ ಇವಳ ಬೆರಳು ಮೇಲಂಗಿಯ ಅಂಚಿನ ನೂಲನ್ನು ಬಿಚ್ಚುತ್ತಲೋ ಹೊಸೆಯುತ್ತಲೋ ಇರಬೇಕು. ಹೊಳೆಗೆ ಹೋಗುವಾಗ ಕೈಯಲ್ಲಿ ನೂಲುವ ಕದಿರು, ಬರುವಾಗ ಕಂಕುಳಲ್ಲಿ ಸೌದೆ. ಮದುವೆಯಾಗಿ ಬಂದ ದಿನವೇ ಅತ್ತೆ ಗುನಿಲ್ಡ ನೆಂಟರೆದುರು ಅಂದುಬಿಟ್ಟಿದ್ದಳು, "ನನ್ನ ಮಗ ಹೆಂಡ್ತೀನ ತಂದಿಲ್ಲ ಕಣ್ರೋ, ಗಾಳೀನ ಹಿಡ್ಕೊಂಡು ಬಂದಿದ್ದಾನೆ. ಒಲೆಗೆ ಏನಾದ್ರೂ ಮರೆ ಇಡಿ."

ಆ ಮಗ ಹಾಮೊ ಇದ್ದನಲ್ಲ, ಅವನು ಇದಕ್ಕೆ ನೇರ ಉಲ್ಟಾ. ಒಂದು ಗಂಟು ಹಾಕಬೇಕಾದರೆ ಹಗ್ಗವನ್ನು ಎರಡು ಸಲ ನೋಡಿ, ಮೂರನೆಯ ಸಲ ಕೈ ಹಾಕುವವನು. ಮಾತೂ ಹಾಗೇ, ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ. "ನಿನ್ನ ಗಂಡ ಸ್ವರ್ಗದ ಬಾಗಿಲಿಗೂ ತಡವಾಗೇ ಹೋಗ್ತಾನೆ ನೋಡು" ಎಂದು ಪಕ್ಕದ ಮನೆಯ ತರ್ಸ್ಟನ್ ಛೇಡಿಸಿದರೆ ಸಬೀನಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆದರೂ ಹನ್ನೊಂದು ವರ್ಷ ಅವರಿಬ್ಬರೂ ಚೆನ್ನಾಗಿ ಬಾಳಿದರು. ಅವಳು ಎಳೆಯುವಳು, ಅವನು ತಡೆಯುವನು, ಸಂಸಾರ ನಡುದಾರಿಯಲ್ಲಿ ಹೋಗುತ್ತಿತ್ತು. ಹುಟ್ಟಿದ ಮೂರು ಮಕ್ಕಳಲ್ಲಿ ಎರಡು ಚರ್ಚಿನ ಹಿಂದೆ ಮಣ್ಣು ಸೇರಿದ್ದವು. ಉಳಿದವಳು ಇಡೊನಿ, ಆರು ವರ್ಷದ ಹುಡುಗಿ.

ಮನೆ ಅಂದರೆ ಒಂದೇ ಕೋಣೆ. ಈ ತುದಿಯಲ್ಲಿ ನಾಲ್ಕು ಜೀವ, ತಡಿಕೆಯ ಆಚೆ ತುದಿಯಲ್ಲಿ ಬ್ರೋಕ, ಡನ್ನ ಎಂಬ ಎರಡು ಎತ್ತು. ಚಳಿಗಾಲದಲ್ಲಿ ಒಲೆಗಿಂತ ಆ ಎತ್ತುಗಳ ಉಸಿರೇ ಮನೆಯನ್ನು ಬೆಚ್ಚಗಿಡುತ್ತಿತ್ತು. ಹೊಲ ಮಠದ್ದು, ನಾವೆಲ್ಲ ಮಠದ ಆಳುಗಳು. ವಾರಕ್ಕೆ ಮೂರು ದಿನ ಅವರ ಹೊಲ ಉಳಬೇಕು, ಮಿಕ್ಕ ದಿನದಲ್ಲಿ ನಮ್ಮ ಪಾಲಿನ ಹೊಲದ ಪಟ್ಟಿ ನೋಡಿಕೊಳ್ಳಬೇಕು. ಉಳುವುದಕ್ಕೆ ಎತ್ತಿದ್ದವನಿಗೆ ಹೊಲ, ಎತ್ತಿಲ್ಲದವನಿಗೆ ರಸ್ತೆ. ಮಠದ ಕಾರುಭಾರಿಯ ಲೆಕ್ಕ ಅಷ್ಟು ಸರಳ. ನಾಲ್ಕು ಮನೆಯವರು ಎರಡೆರಡು ಎತ್ತು ತಂದು ಎಂಟೆತ್ತಿನ ಒಂದು ನೇಗಿಲು ಕಟ್ಟುತ್ತಿದ್ದರು. ಅದರಲ್ಲಿ ತರ್ಸ್ಟನ್‌ನದೂ ಒಂದು ಜೋಡಿ.

ಆ ಸಲ ಸುಗ್ಗಿಯಲ್ಲಿ ಮಠದವರ ಹೊಟ್ಟೆಗೆ ಕೊನೆಯೇ ಇರಲಿಲ್ಲ. ಬಿಸಿಲಿದ್ದ ದಿನವೆಲ್ಲ ಅವರ ಗೋಧಿ, ಮೋಡ ಬಂದ ದಿನ ನಮ್ಮ ಬಾರ್ಲಿ. ಸಬೀನಳ ಬಾರ್ಲಿ ಕೊಯ್ದು ಒಂಬತ್ತು ದಿನ ಹೊಲದಲ್ಲೇ ಕಂತೆ ಕಂತೆಯಾಗಿ ಸಿವುಡುಗಟ್ಟಿ ನಿಂತಿತ್ತು. ಎದ್ದರೆ ಆಕಾಶ ನೋಡುವಳು, ಮಲಗಿದರೆ ಮಾಡಿನ ಮೇಲೆ ಹನಿ ಬಿತ್ತೇನೋ ಎಂದು ಕಿವಿಗೊಡುವಳು. ಕೊನೆಗೆ ಒಂದು ಶುಕ್ರವಾರ ಮಧ್ಯಾಹ್ನ ಕಾರುಭಾರಿ ಕೈ ಬೀಸಿ ಹೋಗಿ ಎಂದ. ಇವಳು ಊಟಕ್ಕೂ ಕೂರದೆ ಗಾಡಿ ಹೂಡಿಸಿದಳು.

ಮೇಲಿನ ಹೊಲದಿಂದ ಇಳಿಜಾರಿನಲ್ಲಿ ಬರಬೇಕು. ಸಿವುಡು ತುಂಬಿದ ಗಾಡಿ ಅರ್ಧ ದಾರಿಗೆ ಬರುವಷ್ಟರಲ್ಲಿ ಮೇಲಿನ ಹಗ್ಗ ಸಡಿಲವಾಯಿತು. ಎತ್ತುಗಳ ಪಕ್ಕದಲ್ಲಿ ಮುಳ್ಳುಕೋಲು ಹಿಡಿದು ನಡೆಯುತ್ತಿದ್ದವಳು ಸಬೀನ. ಹಾಮೊ ಹಿಂದಿನಿಂದ ಕೂಗಿದ, "ನಿಲ್ಸೇ, ಹಗ್ಗ ಬಿಗಿತೀನಿ." ನಿಲ್ಲಿಸಿದಳು. ಅವನು ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಹೊರೆಯ ನೆತ್ತಿಯಲ್ಲಿ ಮಂಡಿಯೂರಿ ಕೂತ. ಅತ್ತೆ ಗುನಿಲ್ಡ ಕೂಗಳತೆಯಷ್ಟು ಹಿಂದೆ, ಬೇಲಿಯ ಬದಿಯಲ್ಲಿ ಬಗ್ಗಿ ಉದುರಿದ ತೆನೆ ಆಯುತ್ತಿದ್ದಳು. ಪಡುವಣದಲ್ಲಿ ಆಕಾಶ ಕಪ್ಪಿಟ್ಟಿತ್ತು.

"ಆಯ್ತಾ?" ಅಂದಳು ಸಬೀನ.

"ತಾಳು."

"ಮಳೆ ತಾಳಲ್ಲ ಮಾರಾಯ."

"ಮಳೆ ನಿನ್ನ ಹಾಗೆ ಅಲ್ಲ ಕಣೇ, ಬರೋಕೆ ಮೊದಲು ಹೇಳಿ ಬರುತ್ತೆ. ತಾಳು."

ಅವಳು ತಾಳಿದಳು. ಎಷ್ಟು ಹೊತ್ತು? ಒಂದು ಜಪ ಹೇಳಿ ಮುಗಿಸುವಷ್ಟೂ ಇಲ್ಲ. ಆಮೇಲೆ ಕೈ ತಾನಾಗಿ ಹೋಯಿತು. ಹೊಡೆಯಲಿಲ್ಲ, ಚುಚ್ಚಲೂ ಇಲ್ಲ. ಅವನು ಮುಗಿಸಿದ ಕೂಡಲೇ ಹೊರಡಲಿ ಎಂದು ಬ್ರೋಕನ ತೊಡೆಗೆ ಕೋಲಿನ ತುದಿ ತಾಗಿಸಿದಳು, ಅಷ್ಟೇ. ಬ್ರೋಕ ಮುಂದಕ್ಕೆ ಹೆಜ್ಜೆ ಇಟ್ಟ, ಡನ್ನ ಅವನ ಜೊತೆ ಅರ್ಧ ಇಟ್ಟ. ಒಂದೂವರೆ ಹೆಜ್ಜೆ ಗಾಡಿ ಉರುಳಿ ನಿಂತಿತು. ಹಾಮೊ ಹಿಂಬದಿಗೆ ಬಿದ್ದ. ಬಿದ್ದದ್ದು ಬದುವಿನ ಕಲ್ಲಿನ ಮೇಲೆ, ಕತ್ತು ಕೆಳಗಾಗಿ. ಅವಳು ಓಡಿ ಬರುವಷ್ಟರಲ್ಲಿ ಕಣ್ಣು ತೆರೆದೇ ಇತ್ತು, ಉಸಿರು ಇರಲಿಲ್ಲ.

ಸತ್ತವರನ್ನು ಮೊದಲು ಕಂಡವರು ಕೂಗೆಬ್ಬಿಸಬೇಕು, ಅದು ಕಟ್ಟಳೆ. ಅವಳು ಕೂಗಿದ್ದು ಹೊಳೆಯಾಚೆಗೂ ಕೇಳಿಸಿತಂತೆ. ಕುಡುಗೋಲು ಹಿಡಿದವರು ಹಿಡಿದ ಹಾಗೇ ಓಡಿ ಬಂದರು. ಗುನಿಲ್ಡ ಮಾತ್ರ ಓಡಲಿಲ್ಲ. ಮಡಿಲಿನ ತೆನೆ ಚೆಲ್ಲದ ಹಾಗೆ ಹಿಡಿದುಕೊಂಡು ನಡೆದು ಬಂದು, ಮಗನ ಪಕ್ಕ ಕೂತು, ಅವನ ಕಣ್ಣು ಮುಚ್ಚಿದಳು. ಆಮೇಲೆ ತಲೆಯೆತ್ತಿ ಸೊಸೆಯನ್ನು ಒಂದು ಸಲ ನೋಡಿದಳು. ಆ ನೋಟ ಸಬೀನಳ ಎದೆಯಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ಕೋಲು ತಾಗಿಸಿದ್ದನ್ನು ನೋಡಿದಳೇ ಇವಳು, ಇಲ್ಲವೇ?

ನಮ್ಮಲ್ಲಿ ಹೀಗೆ ಯಾರಾದರೂ ಅಕಾಲದಲ್ಲಿ ಸತ್ತರೆ ಅರಸನ ಅಧಿಕಾರಿ ಬಂದು ನೋಡುವ ತನಕ ಹೆಣ ಮುಟ್ಟುವ ಹಾಗಿಲ್ಲ, ಬಿದ್ದಲ್ಲೇ ಬಿದ್ದಿರಬೇಕು. ಗಾಡಿಯನ್ನೂ ಸರಿಸುವ ಹಾಗಿಲ್ಲ. ಅಧಿಕಾರಿ ಇರುವುದು ಲಿಂಕನ್ ಪಟ್ಟಣದಲ್ಲಿ. ಕರೆಯಲು ಆಳು ಹೋಗಿ, ಅವರು ಬಾಯಿ ಮುಕ್ಕಳಿಸಿ, ಕುದುರೆ ಹತ್ತಿ ಬರಬೇಕಾದರೆ ಮೂರು ದಿನ. ಎತ್ತುಗಳ ನೊಗ ಬಿಚ್ಚಿ ಮೇಯಲು ಕಟ್ಟಿದರು. ಹಾಮೊನ ಮೇಲೆ ತಡಿಕೆ ಮುಚ್ಚಿದರು. ಬಾರ್ಲಿ ಹೊತ್ತ ಗಾಡಿ ಮೂತಿಯನ್ನು ನೆಲಕ್ಕೂರಿಕೊಂಡು ಇಳಿಜಾರಿನಲ್ಲಿ ಹಾಗೇ ನಿಂತಿತು.

ಇನ್ನೊಂದು ಕಟ್ಟಳೆಯೂ ಇದೆ, ಅದೇ ದೊಡ್ಡದು. ಚಲಿಸುತ್ತಿದ್ದ ವಸ್ತು ಮನುಷ್ಯನನ್ನು ಕೊಂದರೆ ಅದು ದೇವರ ಪಾಲು. ಓಡುವ ಗಾಡಿಯಿಂದ ಬಿದ್ದು ಸತ್ತರೆ ಗಾಡಿ, ಎತ್ತು, ಮೇಲಿನ ಹೊರೆ ಎಲ್ಲ ಹೋಯಿತು. ನಿಂತ ಗಾಡಿಯಿಂದ ಬಿದ್ದರೆ ಅವನು ಕಾಲಿಟ್ಟು ಹತ್ತಿದ ಚಕ್ರ ಮಾತ್ರ. ಅರಸನ ಕಡೆಯವರು ಅದನ್ನು ಕೊಂಡೊಯ್ದು, ಸತ್ತವನ ಆತ್ಮಕ್ಕೆ ಶಾಂತಿ ಸಿಗಲೆಂದು ದಾನಕ್ಕೆ, ಪೂಜೆಗೆ ಕೊಡುತ್ತಾರೆ. ಕೊಡುತ್ತಾರೆ ಎಂದು ಹೇಳುತ್ತಾರೆ.

ಆ ಮೂರು ದಿನ ಸಬೀನಳ ಕಾಲು ನೆಲಕ್ಕೆ ಊರಲಿಲ್ಲ. ಹೊಲದಿಂದ ಮನೆಗೆ, ಮನೆಯಿಂದ ಹೊಲಕ್ಕೆ. ಮಗಳಿಗೆ ಬಟಾಣಿ ಗಂಜಿ ಕುದಿಸಿ ಇಳಿಸುವ ಮೊದಲೇ ಮತ್ತೆ ಗುಡ್ಡ ಹತ್ತುವಳು. ತಡಿಕೆಯನ್ನು ಈ ಕಡೆ ಸರಿಸುವಳು, ಆ ಕಡೆ ಸರಿಸುವಳು. ನೊಣ ಓಡಿಸುವಳು. ಗಾಡಿಯ ಸುತ್ತ ತಿರುಗಿ ಸಿವುಡಿನೊಳಗೆ ಕೈ ತೂರಿಸಿ ಕಾಳು ಬಿಸಿಯಾಗಿ ಕೆಡುತ್ತಿದೆಯೇ ನೋಡುವಳು. ಆಮೇಲೆ ಗಂಡ ಸತ್ತು ಬಿದ್ದಿರುವಾಗ ಕಾಳು ಮುಟ್ಟಿದೆನಲ್ಲ ಎಂದು ತನ್ನ ಕೈಯನ್ನು ತಾನೇ ಹೊಡೆದುಕೊಳ್ಳುವಳು. ಶನಿವಾರ ಬೆಳಿಗ್ಗೆ ಆ ಹಾಳು ಮಳೆ ಬಂದೇ ಬಂತು, ಮಧ್ಯಾಹ್ನದವರೆಗೆ ಸುರಿಯಿತು. ಅವಳು ಮೇಲಂಗಿ ಬಿಚ್ಚಿ ಹಾಮೊನ ತಡಿಕೆಯ ಮೇಲೆ ಹೊದಿಸಿ, ಮಳೆಯಲ್ಲಿ ನಿಂತು ಅತ್ತಳು. ಶುಕ್ರವಾರ ಬಾರದ ಮಳೆಗೆ ಹೆದರಿ ನಿನ್ನನ್ನು ಕೊಂದೆನಲ್ಲೋ ಎಂದು ಅವಳ ಒಳಗು ಕೂಗುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ.

ಗುನಿಲ್ಡ ಹಗಲಲ್ಲಿ ಹೆಣದ ಬಳಿಯಿಂದ ಏಳಲೇ ಇಲ್ಲ. ರಾತ್ರಿ ಗಂಡಸರು ಪಾಳಿಯಲ್ಲಿ ಕಾಯಲು ಬಂದರೆ ಮನೆಗೆ ಹೋಗುವಳು, ಬೆಳಕು ಹರಿದರೆ ಮತ್ತೆ ಹಾಜರು. ಸೊಸೆಯೊಡನೆ ಮಾತಿಲ್ಲ. ಒಂದೇ ಮಾತನ್ನು ತನಗೆ ತಾನೇ ಎಂಬಂತೆ ಆಡುತ್ತಿದ್ದಳು, "ಪಾಪ ಒಪ್ಪಿಸದೆ ಹೋದ ನನ್ನ ಮಗ. ಪಾದ್ರಿ ಕೈ ತಲೆ ಮೇಲೆ ಬೀಳಲಿಲ್ಲ. ಅವನ ಪಾಲಿನದು ದೇವರಿಗೆ ಸಲ್ಲಬೇಕು. ಅಷ್ಟೂ ಸಲ್ಲಬೇಕು."

ಭಾನುವಾರ ಪೂಜೆ ಮುಗಿದ ಮೇಲೆ ತರ್ಸ್ಟನ್ ಗುಡ್ಡ ಹತ್ತಿ ಬಂದ. ಊರಿನ ಪರವಾಗಿ ಅಧಿಕಾರಿಯ ಮುಂದೆ ಪ್ರಮಾಣ ಮಾಡುವ ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬ. ಗುನಿಲ್ಡ ಹೊಳೆಗೆ ನೀರು ಕುಡಿಯಲು ಇಳಿದ ಹೊತ್ತು ನೋಡಿ ಸಬೀನಳ ಪಕ್ಕ ಬಂದು ನಿಂತ.

"ಗಾಡಿ ನಿಂತಿತ್ತು ತಾನೇ ಅತ್ತಿಗೆ?"

ಅವಳು ತಡಿಕೆಯ ಮೇಲಿನ ನೊಣ ಓಡಿಸಿದಳು.

"ಓಡ್ತಿತ್ತು ಅಂತ ನಿನ್ನ ಬಾಯಲ್ಲಿ ಬರಬಾರದು, ತಿಳೀತಾ? ಎತ್ತು ಹೋದ್ರೆ ಸುಗ್ಗಿ ಲೆಕ್ಕ ಮುಗಿಸೋ ಮೈಕೇಲನ ಹಬ್ಬದ ಹೊತ್ತಿಗೆ ನಿನ್ನ ಹೊಲ ಇನ್ನೊಬ್ಬನ ಕೈಲಿರುತ್ತೆ. ನಿನ್ನ ಮಗಳು ಯಾರ ಬಾಗಿಲಲ್ಲಿ ನಿಲ್ತಾಳೆ? ನಿನ್ನದು ಬಿಡು, ಆರು ಎತ್ತಲ್ಲಿ ನಾವು ಈ ಜೇಡಿ ಮಣ್ಣು ಉಳೋಕಾಗುತ್ತಾ? ಹನ್ನೆರಡು ಜನಾನೂ ಮಾತಾಡಿಕೊಂಡಿದ್ದೀವಿ. ನಿಂತಿತ್ತು."

"ದೇವರ ಪುಸ್ತಕದ ಮೇಲೆ ಕೈ ಇಡಬೇಕಲ್ಲಣ್ಣ."

"ನಮಗೇನು ಗೊತ್ತು? ನಾವು ನೋಡಿಲ್ಲ. ನೋಡದೇ ಇದ್ದೋನು ಹೇಳಿದ್ದು ಸುಳ್ಳಾಗಲ್ಲ. ನೋಡ್ದೋಳು ನೀನೊಬ್ಬಳೇ." ಹೀಗೆಂದು ಅವನು ಬದುವಿನಿಂದ ಅಗಲವಾದ ಕಲ್ಲೊಂದನ್ನು ಎತ್ತಿ ತಂದು ಗಾಡಿಯ ಚಕ್ರದ ಮುಂದೆ ಅಡ್ಡ ಇಟ್ಟು, ಕಾಲಿನಿಂದ ಒತ್ತಿದ. "ಹಗ್ಗ ಬಿಗಿಯೋಕೆ ಹತ್ತೋ ಮೊದಲು ಗಾಡಿಗೆ ಕಲ್ಲು ಕೊಟ್ಟಿದ್ದ. ನಿಧಾನಸ್ಥ ಮನುಷ್ಯ, ಕೊಟ್ಟೇ ಇರ್ತಾನೆ. ಯಾರಾದ್ರೂ ನಂಬ್ತಾರೆ."

ಗುನಿಲ್ಡ ಮೇಲೆ ಬಂದಾಗ ಅವನು ಹೊರಟು ಹೋಗಿದ್ದ. ಮುದುಕಿ ಚಕ್ರದ ಕಡೆ ನೋಡಿದಳು, ಕಲ್ಲಿನ ಕಡೆ ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು. "ಕೇಳಿ ಅತ್ತೆ" ಎಂದಳು ಸಬೀನ. ಹೇಳಿಬಿಡಬೇಕೆಂದು ಗಂಟಲವರೆಗೆ ಬಂದಿತ್ತು. ಗುನಿಲ್ಡ ಕೈ ಎತ್ತಿ ತಡೆದಳು. "ನನ್ನ ಹತ್ರ ಏನೂ ಹೇಳಬೇಡ. ಕೇಳೋಕೆ ಬರ್ತಾರಲ್ಲ, ಅವರಿಗೆ ಹೇಳು."

ಸೋಮವಾರ ಮಧ್ಯಾಹ್ನ ಅಧಿಕಾರಿ ಬಂದ. ಹಿಂದೆ ಒಬ್ಬ ಬರೆಯುವವನು, ಅವನ ಹಿಂದೆ ಊರಿಗೆ ಊರೇ. ಅಧಿಕಾರಿಗೆ ನೆಗಡಿ ಹಿಡಿದಿತ್ತು. ಮೂಗೊರೆಸುತ್ತಲೇ ತಡಿಕೆ ತೆಗೆಸಿ, ಹೆಣ ಹೊರಳಿಸಿ, ಕತ್ತು ಮುಟ್ಟಿ ನೋಡಿದ. ಆ ವಾಸನೆಗೆ ನಾವೆಲ್ಲ ಹಿಂದೆ ಸರಿದರೂ ಅವನು ಸರಿಯಲಿಲ್ಲ. ಆ ನೆಗಡಿ ಅವನಿಗೆ ದೇವರು ಕೊಟ್ಟ ವರವೇ ಇರಬೇಕು. ಆಮೇಲೆ ಹನ್ನೆರಡು ಮಂದಿ ಸಾಲಾಗಿ ನಿಂತು, ಗಾಡಿ ನಿಂತಿತ್ತು, ಚಕ್ರಕ್ಕೆ ಕಲ್ಲು ಕೊಟ್ಟಿತ್ತು, ಕಾಲು ಜಾರಿ ಬಿದ್ದ ಎಂದು ಒಂದೇ ಬಾಯಲ್ಲಿ ಹೇಳಿದರು. ಬರೆಯುವವನು ಬರೆದುಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಅಧಿಕಾರಿ ಗಾಡಿಯ ಬಳಿ ಹೋಗಿ, ಬಗ್ಗಿ, ಆ ಕಲ್ಲನ್ನು ಎರಡು ಕೈಯಲ್ಲಿ ಎತ್ತಿದ. ಅಡಿಯ ಮಣ್ಣನ್ನು ಬೆರಳಲ್ಲಿ ತೆಗೆದು ಉಜ್ಜಿದ. ಮಣ್ಣು ಒದ್ದೆ, ಬೆರಳಿಗೆ ಮೆತ್ತಿಕೊಂಡಿತು.

"ಮಳೆ ಯಾವತ್ತು ಬಂತು?" ಎಂದ.

"ಶನಿವಾರ, ಸ್ವಾಮಿ" ಎಂದ ತರ್ಸ್ಟನ್. ಹೇಳಿದ ಮೇಲೆ ಅವನ ಮುಖ ಇಳಿದುಹೋಯಿತು.

"ಇವನು ಸತ್ತದ್ದು ಶುಕ್ರವಾರ. ಶುಕ್ರವಾರ ಇಟ್ಟ ಇಷ್ಟು ಅಗಲದ ಕಲ್ಲಿನ ಅಡಿ ಮಣ್ಣು ಒಣಗಿರಬೇಕಿತ್ತು. ಇದನ್ನ ಮಳೆ ನಿಂತ ಮೇಲೆ ಯಾರೋ ತಂದಿಟ್ಟಿದ್ದಾರೆ." ಹನ್ನೆರಡು ಮಂದಿಯೂ ತಮ್ಮ ಪಾದ ನೋಡಿಕೊಂಡರು. ಹುಟ್ಟಿದಂದಿನಿಂದ ಮಣ್ಣಲ್ಲೇ ಇದ್ದವರು, ಮಣ್ಣಿನ ವಿಷಯದಲ್ಲೇ ಪಟ್ಟಣದವನ ಕೈಗೆ ಸಿಕ್ಕಿಬಿದ್ದರು. ಅಧಿಕಾರಿ ಸಬೀನಳ ಕಡೆ ತಿರುಗಿದ. "ನೀನೇ ಅಲ್ಲವಾ ಮೊದಲು ಕಂಡೋಳು? ಬಾ ಇಲ್ಲಿ. ಪುಸ್ತಕ ಮುಟ್ಟಿ ಹೇಳು. ಗಾಡಿ ನಿಂತಿತ್ತೋ, ಹೋಗ್ತಾ ಇತ್ತೋ?"

ಸಬೀನ ಮುಂದೆ ಬಂದಳು. ಆ ಗಳಿಗೆಯಲ್ಲಿ ಅವಳಿಗೆ ಒಂದು ವಿಚಿತ್ರ ನೆಮ್ಮದಿ. ಹೊಲ ಹೋಗಲಿ, ಎತ್ತು ಹೋಗಲಿ, ಈ ಮೂರು ದಿನ ಎದೆಯೊಳಗೆ ಓಡಾಡುತ್ತಿದ್ದದ್ದು ಹೊರಗೆ ಬಂದರೆ ಸಾಕು. ಕೈ ಚಾಚಿದಳು. "ಸ್ವಾಮಿ, ನಾನು..." ಎಂದಳು.

"ಅವಳನ್ನೇನು ಕೇಳ್ತೀರಿ?"

ಗುನಿಲ್ಡ ಎದ್ದು ನಿಂತಿದ್ದಳು. ಮೂರು ದಿನ ನೆಲದಲ್ಲಿ ಕೂತು ಅವಳ ಮಂಡಿ ಹಿಡಿದುಕೊಂಡಿತ್ತು, ಕುಂಟುತ್ತಾ ಬಂದಳು. "ಅವಳು ಎತ್ತಿನ ಮುಂದಿದ್ದಳು, ಹೊರೆ ಅಡ್ಡ ಇತ್ತು, ಏನು ಕಾಣ್ಸುತ್ತೆ ಅವಳಿಗೆ? ಹೆದರಿ ಕಂಗಾಲಾಗಿದ್ದಾಳೆ, ಏನು ಕೇಳಿದ್ರೂ ಹೂಂ ಅಂತಾಳೆ. ಹಿಂದೆ ಇದ್ದೋಳು ನಾನು. ಬಿದ್ದದ್ದು ನೋಡಿದ್ದು ನಾನು. ಕಲ್ಲಿನ ವಿಚಾರ ನನ್ನನ್ನ ಕೇಳಿ."

"ಹೇಳು, ಅಜ್ಜಿ."

"ಶನಿವಾರ ಮಳೇಲಿ ಈ ನೆಲ ಎಲ್ಲ ಕೆಸರಾಯ್ತು. ಎಪ್ಪತ್ತು ವರ್ಷದ ಮುದುಕಿ, ನಾನೆಲ್ಲಿ ಕೂರಲಿ? ಚಕ್ರದ ಕಲ್ಲು ತಗೊಂಡು ಅದರ ಮೇಲೆ ಕೂತೆ. ಭಾನುವಾರ ನೆಲ ಒಂದಿಷ್ಟು ಆರಿದ ಮೇಲೆ, ಏನೂ ಮುಟ್ಟಬಾರದು ಅಂತಾರಲ್ಲ ಅಂತ ನೆನಪಾಗಿ ಇದ್ದಲ್ಲೇ ಇಟ್ಟೆ. ತಪ್ಪು ನಂದು. ದಂಡ ಹಾಕೋದಾದ್ರೆ ನನಗೆ ಹಾಕಿ."

ಅಧಿಕಾರಿ ಅವಳ ಮುಖವನ್ನೇ ನೋಡಿದ. "ಗಾಡಿ?"

"ನಿಂತಿತ್ತು."

"ನಿನ್ನ ಮಗನ ಆತ್ಮಕ್ಕೆ ಸಲ್ಲೋ ಪಾಲು ಇದು, ಅಜ್ಜಿ. ಯೋಚನೆ ಮಾಡಿ ಪುಸ್ತಕ ಮುಟ್ಟು."

ಗುನಿಲ್ಡ ತನ್ನ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ಪುಸ್ತಕದ ಮೇಲೆ ಪೂರ್ತಿಯಾಗಿ ಊರಿದಳು. "ಗಾಡಿ ನಿಂತಿತ್ತು. ನನ್ನ ಮಗ ಕಾಲು ಜಾರಿ ಬಿದ್ದ. ದೇವರಾಣೆ." ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

ಅಧಿಕಾರಿ ಮತ್ತೊಮ್ಮೆ ಮೂಗೊರೆಸಿಕೊಂಡು, ಚಕ್ರ ಮಾತ್ರ ಬರೆದುಕೋ ಎಂದ. ಕಲ್ಲು ಮುಟ್ಟಿದ್ದಕ್ಕೆ ಊರಿಗೆ ಸಣ್ಣ ದಂಡ ಹಾಕಿ ಕುದುರೆ ಹತ್ತಿದ. ತರ್ಸ್ಟನ್ ಗಾಡಿಯ ಅಚ್ಚಿಗೆ ಮರದ ದಿಮ್ಮಿ ಕೊಟ್ಟು ಆ ಚಕ್ರ ಬಿಚ್ಚಿದ. ಹಾಮೊನನ್ನು ಅದೇ ತಡಿಕೆಯ ಮೇಲೆ ಮಲಗಿಸಿಕೊಂಡು ಚರ್ಚಿಗೆ ಹೊತ್ತೊಯ್ದರು. ಬಿಸಿಲು ಇಳಿಯುವ ಮೊದಲೇ, ಅವನ ಎರಡು ಮಕ್ಕಳು ಮಲಗಿದ್ದ ಸಾಲಿನಲ್ಲಿ ಮಣ್ಣು ಮುಚ್ಚಿಯಾಯಿತು. ಜನ ಒಬ್ಬೊಬ್ಬರಾಗಿ ಹೊರಟರು. ಇಡೊನಿಯನ್ನು ತರ್ಸ್ಟನ್‌ನ ಹೆಂಡತಿ ಎತ್ತಿಕೊಂಡು ಹೋದಳು. ಗೋರಿಯ ಬಳಿ ಅತ್ತೆ ಸೊಸೆ ಇಬ್ಬರೇ ಉಳಿದರು.

ಸಬೀನ ಅತ್ತೆಯ ಕಾಲ ಬಳಿ ಕುಸಿದಳು. "ಅತ್ತೆ, ಗಾಡಿ ನಿಂತಿರಲಿಲ್ಲ."

"ಗೊತ್ತು. ನೀನು ಕೋಲು ತಾಗಿಸಿದ್ದು ನೋಡಿದೆ. ಅವನು ತಾಳು ಅಂದಿದ್ದೂ ಕೇಳಿಸ್ತು."

"ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಸಾಯೋವರೆಗೂ ಇರುತ್ತೆ. ಅದಕ್ಕೂ ನೀನು ನನ್ನ ಮೊಮ್ಮಗಳ ತಾಯಿ ಅನ್ನೋದಕ್ಕೂ ಸಂಬಂಧ ಇಲ್ಲ. ನಿಜ ಹೇಳಿಬಿಟ್ರೆ ನಿನ್ನೆದೆ ಹಗುರ ಆಗೋದು, ಮಗು ಹೊಟ್ಟೆ ಖಾಲಿ ಆಗೋದು. ಅದಕ್ಕೇ ಬಾಯಿ ಹಾಕ್ದೆ."

"ನೀವೇ ಅಂದಿರಲ್ಲ, ಅವನ ಪಾಲಿನದು ದೇವರಿಗೆ ಸಲ್ಲಬೇಕು ಅಂತ. ಮೂರು ದಿನ ಅದನ್ನೇ ಅಂದಿರಿ. ಈಗ ಪುಸ್ತಕ ಮುಟ್ಟಿ..." ಪುಸ್ತಕ ಮುಟ್ಟಿ ಸುಳ್ಳು ಹೇಳಿದವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಪಾದ್ರಿ ಚರ್ಚಿನ ಗೋಡೆಯ ಮೇಲೆ ಚಿತ್ರ ಬರೆಸಿಯೇ ಇಟ್ಟಿದ್ದ, ಬೆಂಕಿಯ ಸಮೇತ.

ಗುನಿಲ್ಡ ಬಗ್ಗಿ, ಹಸಿ ಮಣ್ಣಿನ ಮೇಲಿದ್ದ ಒಂದು ಹೆಂಟೆಯನ್ನು ಪುಡಿಮಾಡಿ ಹರಡಿದಳು.

"ಪಾಪ ಒಪ್ಪಿಸದೆ ಹೋದೋನು, ಅವನೂ ಅಲ್ಲೇ ಎಲ್ಲೋ ಕಾಯ್ತಿರ್ತಾನೆ" ಎಂದಳು. "ನಾನು ಸ್ವರ್ಗಕ್ಕೆ ಹೋಗಿ ಒಬ್ಬಳೇ ಏನು ಮಾಡಲಿ? ಏಳು, ಬಾರ್ಲಿ ಮೊಳಕೆ ಬರ್ತಿದೆ."